ಕಣ್ಣಿಗೆ ಜೋಳದ ಗರಿ ಬಡಿದರೆ ತಡಮಾಡಬೇಡಿರಿ



ಡೋಣಿ ಸಾಲಿನ ಹೊಲಗಳಲ್ಲಿ ಬಿಳಿಜೋಳದ ಸುಗ್ಗಿ ಬಂತೆಂದರೆ ಕೊಯ್ಯುವಾಗ ಗರಿ, ರಾಶಿ ಮಾಡುವಾಗ ಹೊಟ್ಟು ಕಣ್ಣಿಗೆ ಬಡಿಯುವುದುಂಟು. ಕಣ್ಣುಜ್ಜಿಕೊಂಡು ಕೆಲಸ ಮುಂದುವರಿಸುತ್ತೇವೆ. ಆದರೆ ಕರಿಗುಡ್ಡೆಯ ಮೇಲಿನ ತಿಳಿಪದರು ಗೀರಿದ್ದರೆ ರೋಗಾಣುಗಳೋ ಬೂಷ್ಟೋ ಒಳಸೇರಿ ಹುಣ್ಣಾಗುತ್ತದೆ. ಹುಣ್ಣು ಮಾಯ್ದರೂ ಹೂ ಬಿದ್ದು ದೃಷ್ಟಿ ಹೋಗಬಹುದು.

ನೇಪಾಳದ ಭಕ್ತಪುರ ಜಿಲ್ಲೆಯ ಅಭ್ಯಾಸವೊಂದು 2001ರಲ್ಲಿ ಪ್ರಕಟವಾಯಿತು. ಕಣ್ಣು ಗೀರಿದ 442 ಜನರಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಾಕಲಾಯಿತು. 18 ತಾಸಿನೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದ 49 ಜನರಲ್ಲಿ 14 ಜನರಿಗೆ ಹುಣ್ಣಾಯಿತು.

ಬೂಷ್ಟಿನ ಹುಣ್ಣಿಗೆ ಔಷಧವೇ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಕ್ಟರ್ ನೇತ್ರ ಸಂಶೋಧನಾ ಕೇಂದ್ರದವರೂ ಮಧುರೆಯ ಅರವಿಂದ ಕಣ್ಣಾಸ್ಪತ್ರೆಯವರೂ ಕೂಡಿ ಎರಡು ಔಷಧಗಳನ್ನು ಹೋಲಿಸಿ ನೋಡಿದರು. ಹೊಸ ವೊರಿಕೊನಜೋಲ್‌ಗಿಂತ ಹಳೆಯ ನಾಟಮೈಸಿನ್ ಹನಿಯೇ ಮೇಲೆಂದು 2013ರಲ್ಲಿ ತಿಳಿಸಿದರು. ಯಾವ ಬಗೆಯ ಹುಣ್ಣೆಂಬುದನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು. ಕೇಳದೆ ಸ್ಟೆರಾಯ್ಡ್ ಹನಿ ಹಾಕಿದರೆ ಕೆಂಪು ಇಳಿದಂತೆ ಕಂಡರೂ ಬೂಷ್ಟು ಒಳಗೇ ಬೆಳೆಯುತ್ತದೆ.

ಆದ್ದರಿಂದ ನೆನಪಿಡಿರಿ:

1. ಕಣ್ಣುಜ್ಜಬೇಡಿರಿ, ಶುದ್ಧ ನೀರಿನಿಂದ ತೊಳೆಯಿರಿ.

2. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬೇಡಿರಿ. ನಾಲಿಗೆಯಿಂದ ಕಸ ತೆಗೆಸಬೇಡಿರಿ.

3. ನೋವು, ನೀರು ಸೋರುವುದು, ಬೆಳಕು ನೋಡಲಾಗದಿರುವುದು ಕಂಡರೆ ಅದೇ ದಿನ ದವಾಖಾನೆಗೆ ಹೋಗಿರಿ.

4. ರಾಶಿ ಮಾಡುವಾಗ ಕನ್ನಡಕ ಹಾಕಿಕೊಳ್ಳಿರಿ.

ಕೂಲಿಗೆ ಬಂದವರ ಕಣ್ಣಿಗೂ ಇದೇ ಮಾತು. ಅವರನ್ನು ಸಂಜೆಯವರೆಗೆ ಕಾಯಿಸದೆ ಕಳಿಸಿಕೊಡಿರಿ. ಒಂದು ದಿನದ ಕೆಲಸ ನಾಳೆ ಆದೀತು. ಹೋದ ಕಣ್ಣು ಬಾರದು.