ಕಿಟ್ಟ ಓದೋದು ಹೇಗೆ?

ಅಣ್ಣಿಗೇರಿಯ ಅಮೃತೇಶ್ವರ ಗುಡಿ 11ನೇ ಶತಮಾನದ್ದು. ಅಲ್ಲಿ ಕಲ್ಲು ಕಡೆದ ಉಳಿಗಳಿಗೆ ಕಬ್ಬಿಣ ಬೇಕಿತ್ತು. ಅಂಥ ಉಳಿ ತುಕ್ಕು ಹಿಡಿದು ಹೋಗುತ್ತೆ, ಕುಲುಮೆ ಕುಸಿಯುತ್ತೆ. ನಮಗೆ ಉಳಿಯೋದು ಹೊಲದಲ್ಲಿ ಬಿದ್ದ ಕಬ್ಬಿಣದ ಕಿಟ್ಟ.

ಶುದ್ಧ ಕಬ್ಬಿಣ ಕರಗೋದು 1538 ಡಿಗ್ರಿ ಸೆಲ್ಸಿಯಸ್‌ಗೆ ಅಂತ ನಾವು ಓದಿದ್ದೇವೆ. ಹಳೇ ಕುಲುಮೆಗೆ ಸುಮಾರು 1200 ಸಾಕಿತ್ತು. ಅದಿರಿನ ಕಲ್ಮಶ ಕರಗಿ ಕಿಟ್ಟವಾಗಿ ಹರಿಯುತ್ತಿತ್ತು. ಕಬ್ಬಿಣ ಕರಗದೆ ಮುದ್ದೆಯಾಗಿ ಉಳಿಯುತ್ತಿತ್ತು. ಅದನ್ನು ಕಾಯಿಸಿ ಬಡಿದು ಗಟ್ಟಿ ಮಾಡ್ತಿದ್ರು.

ಕಿಟ್ಟದ ಮೇಲೆ ಬೆಲ್ಲದ ಪಾಕ ಹರಿದು ಆರಿದಂಥ ಸುಕ್ಕುಗಳಿದ್ದರೆ, ಅದು ಅದಿರಿನಿಂದ ಕಬ್ಬಿಣ ತೆಗೆದ ಗುರುತು. ಬಟ್ಟಲಾಕಾರದ ಕಿಟ್ಟ, ಸುತ್ತ ಅಯಸ್ಕಾಂತಕ್ಕೆ ಅಂಟುವ ತೆಳು ಚಕ್ಕೆಗಳಿದ್ದರೆ, ಅಲ್ಲಿ ಕಂಬಾರರು ಕಬ್ಬಿಣ ಬಡಿದಿದ್ದಾರೆ. ಒಳಗೆ ಇದ್ದಿಲ ಚೂರಿದ್ದರೆ ಕಾರ್ಬನ್-14 ಪರೀಕ್ಷೆಯಿಂದ ಕಾಲವೂ ಸಿಗಬಹುದು.

ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಹಾವೇರಿಗೆ ಸೇರಿದ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಅಲ್ಲಿ ಕಬ್ಬಿಣಕ್ಕೆ ಸುಮಾರು ಕ್ರಿ.ಪೂ. 1000ದ ಕಾಲ ಸಿಕ್ಕಿದ್ದು ಮಣ್ಣಿನ ಪದರದಲ್ಲಿದ್ದ ಇದ್ದಿಲಿನಿಂದ. ಪದರ ಕದಡಿದರೆ ಈ ಲೆಕ್ಕ ನಿಲ್ಲೋದಿಲ್ಲ.

ಹಾಗಾಗಿ ಕಿಟ್ಟ ಕಂಡರೆ ಬ್ಯಾಗಿಗೆ ಹಾಕೋದು ಬೇಡ. ಫೋಟೋ ತೆಗೆದು, ಜಾಗ ಬರೆದುಕೊಂಡು, ಹೊಲದವರಿಗೂ ಪುರಾತತ್ವ ಇಲಾಖೆಗೂ ತಿಳಿಸೋಣ. ಜೆಸಿಬಿ ಒಂದು ಸಲ ನೆಲ ಸಮ ಮಾಡಿದರೆ ಮತ್ತೆ ಓದೋಕೆ ಏನೂ ಇರೋದಿಲ್ಲ.