ಪೆಟ್ರೋಲಿನಲ್ಲಿ ತೊಳೆದ ಕೈ, ರಕ್ತದ ಕ್ಯಾನ್ಸರು ಮತ್ತು ಪಿಂಚಣಿ

ಪ್ರಶ್ನೆ: ಊರು ಗೋಕಾಕ, ಈಗ ಡೊಂಬಿವಲಿಯಲ್ಲಿದ್ದೇನೆ. ಸೈನ್ಯದ ಇಎಂಇ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದು 2019ರಲ್ಲಿ ನಿವೃತ್ತನಾದೆ. ಬಿಡಿಭಾಗಗಳನ್ನು ಬರಿಗೈಯಲ್ಲೇ ಪೆಟ್ರೋಲಿನಲ್ಲಿ ತೊಳೆಯುತ್ತಿದ್ದೆವು. ಕಳೆದ ವರ್ಷ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಪತ್ತೆಯಾಯಿತು. ಇಮ್ಯಾಟಿನಿಬ್ ಮಾತ್ರೆ ನುಂಗುತ್ತಿದ್ದೇನೆ. ಡಿಸೆಬಿಲಿಟಿ ಪಿಂಚಣಿ ಸಿಕ್ಕೀತೇ?

ಉತ್ತರ: ಸಿಕ್ಕೇ ಸಿಗುತ್ತದೆ ಎನ್ನಲಾರೆ, ಆದರೆ ಅರ್ಜಿ ಹಾಕದೆ ಬಿಡಬೇಡಿ. ಕಾಯಿಲೆ ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಉಲ್ಬಣಿಸಿದ್ದು ಎಂದು ವೈದ್ಯಕೀಯ ಮಂಡಳಿ ಒಪ್ಪಬೇಕು. ಊನದ ಪ್ರಮಾಣವೂ ಕನಿಷ್ಠ ಶೇ 20 ಇರಬೇಕು. ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂಬ ಒಂದೇ ಸಾಲಿನ ಷರಾ ಹೊತ್ತು ಮರಳುವ ಅರ್ಜಿಗಳು ಬಹಳ.

ಪೆಟ್ರೋಲಿನಲ್ಲಿರುವ ಬೆಂಝೀನ್ ಮೂಳೆಮಜ್ಜೆಗೆ ವಿಷ. ಎಎಂಎಲ್ ಎಂಬ ತೀವ್ರ ರಕ್ತ ಕ್ಯಾನ್ಸರನ್ನು ಅದು ತರುತ್ತದೆ ಎಂಬುದರಲ್ಲಿ ವೈದ್ಯಲೋಕಕ್ಕೆ ಸಂಶಯವಿಲ್ಲ. ನಿಮ್ಮ ಸಿಎಂಎಲ್‌ಗೆ ವಿಕಿರಣದ ನಂಟು ಸ್ಪಷ್ಟವಾಗಿದೆ, ಬೆಂಝೀನಿನ ಪುರಾವೆ ಅಷ್ಟು ಗಟ್ಟಿಯಿಲ್ಲ. ಮಂಡಳಿ ಹಿಡಿಯುವುದು ಇದೇ ಎಳೆಯನ್ನು. ಅಮೆರಿಕ 2025ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ಕಾಲದಿಂದ ಆ ಭಾಗದಲ್ಲಿ ದುಡಿದ ಸೈನಿಕರಿಗೆ ಬರುವ ರಕ್ತದ ಕ್ಯಾನ್ಸರುಗಳನ್ನು ಸೇವೆಯ ಫಲವೆಂದೇ ಭಾವಿಸುವ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮ ಕಾಗದ ತಾವೇ ಹೊತ್ತು ನಿಲ್ಲಬೇಕು, ಇದು ನನಗೆ ನ್ಯಾಯವೆನಿಸುವುದಿಲ್ಲ.

ಆದರೂ ಒಂದು ಆಸರೆಯಿದೆ: ಸೇರುವಾಗ ಆರೋಗ್ಯವಾಗಿದ್ದವನಿಗೆ ಸೇವೆಯಲ್ಲಿ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವ ಮಂಡಳಿ ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ನಿಮಗೆ ನಿವೃತ್ತಿಯ ನಂತರ ಬಂದಿರುವುದರಿಂದ ಆ ತೀರ್ಪು ಪೂರ್ತಿ ಕೈಹಿಡಿಯದು. ಸೇವೆಯಲ್ಲಿ ಬೇರುಬಿಟ್ಟದ್ದು ತಡವಾಗಿ ಹೊರಬಿತ್ತು ಎಂದು ವಾದಿಸಬೇಕು. ಇಂಥ ಅರ್ಜಿಗೆ ಕಾಲಮಿತಿಯಿದೆ, ತಡಮಾಡಬೇಡಿ. 2023ರ ಸೆಪ್ಟೆಂಬರಿನಲ್ಲಿ ಈ ಪಿಂಚಣಿಯ ನಿಯಮಗಳು ಬದಲಾಗಿವೆ. ನಿಮ್ಮ ನಿವೃತ್ತಿ ಅದಕ್ಕೂ ಹಿಂದಿನದೆಂಬುದನ್ನು ಅರ್ಜಿಯಲ್ಲಿ ಎತ್ತಿ ಹೇಳಿ.

ರಕ್ತರೋಗ ತಜ್ಞರಿಂದ ಬರೀ ರೋಗದ ಹೆಸರಿನ ಚೀಟಿ ತರಬೇಡಿ. ಎಷ್ಟು ವರ್ಷ, ಯಾವ ದ್ರಾವಕ, ಕೈಗವಸು ಇತ್ತೇ, ಗಾಳಿಯಾಡುತ್ತಿತ್ತೇ ಎಂಬುದನ್ನೆಲ್ಲ ವಿವರಿಸಿ, ಅಭಿಪ್ರಾಯವನ್ನು ಕಾರಣಸಹಿತ ಬರೆಸಿಕೊಳ್ಳಿ. ಸೇವಾ ದಾಖಲೆ ಸಿಕಂದರಾಬಾದಿನ ಇಎಂಇ ರೆಕಾರ್ಡ್ಸ್‌ನಲ್ಲಿರುತ್ತದೆ. ಅರ್ಜಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ನೆರವಾಗುತ್ತದೆ. ತಿರಸ್ಕರಿಸಿದರೆ ಮೇಲ್ಮನವಿ, ಕೊನೆಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂಬೈ ಪೀಠ.

ಚಿಕಿತ್ಸೆಯ ದಾರಿಯೇ ಬೇರೆ. ನೀವು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಸದಸ್ಯರಾಗಿದ್ದರೆ ಕಾಯಿಲೆಗೆ ಕಾರಣ ಏನೇ ಇರಲಿ, ಚಿಕಿತ್ಸೆ ಸಿಗುತ್ತದೆ. ಕಡತದ ಓಡಾಟದಲ್ಲಿ ಮಾತ್ರೆ ತಪ್ಪಿಸಬೇಡಿ, ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ಪತಿ ಮಾಜಿ ಸೈನಿಕರು, ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇದೆ. ಖಾರ್ಘರ್‌ನ ಆಕ್ಟ್ರೆಕ್‌ನಲ್ಲಿ ಚಿಕಿತ್ಸೆ. ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡ್ ಮಾಡಿಸಿದರೆ ಸೈನ್ಯದ ಪಿಂಚಣಿಗೆ ಅನುಕೂಲವೇ? (ನವಿ ಮುಂಬೈ)

ಉತ್ತರ: ಇಲ್ಲ, ಎರಡೂ ಬೇರೆ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಇವೆ, ರಕ್ತದ ಕ್ಯಾನ್ಸರ್ ಇಲ್ಲ. ಆದರೆ ಮೈಲೋಮಾದಿಂದ ಬೆನ್ನುಮೂಳೆ ಕುಸಿದು ನಡೆಯಲು ಶಾಶ್ವತ ತೊಂದರೆಯಾಗಿದ್ದರೆ ಚಲನಾ ವೈಕಲ್ಯದಡಿ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.