ಒಂದೇ ಹಳಿ, ಎರಡು ಗಾಡಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ನಡುವೆ ಉಣಕಲ್, ಅಮರಗೋಳ, ನವಲೂರು ನಿಲ್ದಾಣಗಳು. 1880ರ ದಶಕದಲ್ಲಿ ಇಲ್ಲಿಗೆ ರೈಲು ಬಂತು. ಆಗ ಹಳಿಯ ಅಗಲ ಕಡಿಮೆ ಇತ್ತು. 1990ರ ದಶಕದಲ್ಲಿ ಅಗಲವಾದ ಹಳಿ ಹಾಕಿದರು.

ಈ ದಾರಿಯಲ್ಲಿ ಎರಡು ತರಹದ ಗಾಡಿಗಳು ಓಡುತ್ತವೆ. ಒಂದು ಪ್ಯಾಸೆಂಜರ್ ಗಾಡಿ. ಅದರಲ್ಲಿ ನಾವು ಹೋಗುತ್ತೇವೆ. ಇನ್ನೊಂದು ಗೂಡ್ಸ್ ಗಾಡಿ. ಅದರಲ್ಲಿ ಸರಕು ಹೋಗುತ್ತದೆ. ಗೋವಾದ ಬಂದರಿನಲ್ಲಿ ಹಡಗಿನಿಂದ ಕಲ್ಲಿದ್ದಲು ಇಳಿಸುತ್ತಾರೆ. ಅದು ಇದೇ ದಾರಿಯಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ ಹೋಗುತ್ತದೆ. ಅಲ್ಲಿ ಉಕ್ಕಿನ ಕಾರ್ಖಾನೆ ಇದೆ.

ಗೂಡ್ಸಿಗೆ ಬೇರೆ ಹಳಿ ಇಲ್ಲ. ಹಾಗಾದರೆ ಗಾಡಿಗಳು ಒಂದಕ್ಕೊಂದು ಬಡಿಯುವುದಿಲ್ಲವೆ? ಬಡಿಯಬಾರದು ಎಂದೇ ಸಿಗ್ನಲ್ ಇದೆ. ಕೆಂಪು ದೀಪ ಕಂಡರೆ ಗಾಡಿ ನಿಲ್ಲಬೇಕು. ಜನರ ಗಾಡಿ ಬರುವುದಿದ್ದರೆ ಗೂಡ್ಸನ್ನು ನಿಲ್ದಾಣದ ಪಕ್ಕದ ಹಳಿಗೆ ತಂದು ನಿಲ್ಲಿಸುತ್ತಾರೆ. ಜನರ ಗಾಡಿ ಮುಂದೆ ಹೋಗುತ್ತದೆ.

ಹಳಿಯ ಆಚೆ ಮನೆ, ಈಚೆ ಕೆಲಸ. ನಮ್ಮಲ್ಲಿ ಹಲವರ ಬಾಳು ಹೀಗಿದೆ.

“ಗೂಡ್ಸ್ ನಿಂತೈತಲ್ರೀ ಅಕ್ಕಾರ. ಕೆಳಗ ನುಸುಳಿ ದಾಟಿದ್ರ ಏನಾಕ್ಕೈತಿ?”

“ಬ್ಯಾಡವ್ವಾ, ಬ್ಯಾಡ. ಜೀವ ಹೋಗತೈತಿ.”

ಯಾಕೆ? ಮೂರು ಕಾರಣ ತಿಳಿಯೋಣ.

1. ಗೂಡ್ಸ್ ಕೆಟ್ಟು ನಿಂತಿಲ್ಲ. ದಾರಿ ಬಿಡಲು ನಿಂತಿದೆ. ಸಿಗ್ನಲ್ ಸಿಕ್ಕರೆ ಹೊರಟೇ ಬಿಡುತ್ತದೆ.

2. ಗೂಡ್ಸಿಗೆ 58 ಡಬ್ಬಿಗಳವರೆಗೂ ಇರುತ್ತವೆ. ಅದು ಅರ್ಧ ಕಿಲೋಮೀಟರಿಗಿಂತ ಉದ್ದ. ಚಾಲಕ ಮುಂದೆ ಇರುತ್ತಾನೆ. ಡಬ್ಬಿಯ ಕೆಳಗೆ ಇದ್ದವರು ಅವನಿಗೆ ಕಾಣುವುದಿಲ್ಲ. ಅವನು ಹಾಕಿದ ಸೀಟಿ ಹಿಂದೆ ಇದ್ದವರಿಗೆ ಕೇಳದೆ ಹೋಗಬಹುದು.

3. ಗೂಡ್ಸ್ ಯಾರಿಗಾಗಿ ನಿಂತಿದೆ? ಇನ್ನೊಂದು ಗಾಡಿಗಾಗಿ. ಆ ಗಾಡಿ ಪಕ್ಕದ ಹಳಿಯಲ್ಲಿ ಜೋರಾಗಿ ಬರುತ್ತದೆ. ಗೂಡ್ಸಿನ ಮರೆಯಲ್ಲಿ ಇದ್ದವರಿಗೆ ಅದು ಕಾಣುವುದಿಲ್ಲ. ಬ್ರೇಕ್ ಹಾಕಿದರೂ ರೈಲು ತಟ್ಟನೆ ನಿಲ್ಲುವುದಿಲ್ಲ.

ಆದ್ದರಿಂದ ನಾವು ಗೇಟಿನಲ್ಲಿ ಇಲ್ಲವೆ ಸೇತುವೆಯಲ್ಲಿ ದಾಟೋಣ. ಗೇಟು ಹಾಕಿದ್ದರೆ ಕಾಯೋಣ. ಎಲ್ಲೆಂದರಲ್ಲಿ ಹಳಿ ದಾಟುವುದು ಕಾನೂನಿನ ಪ್ರಕಾರ ಅಪರಾಧ. ದಾಟಲು ದಾರಿ ಇಲ್ಲದಿದ್ದರೆ ಸುಮ್ಮನೆ ಕೂಡುವುದು ಬೇಡ. ಓಣಿಯವರೆಲ್ಲ ಸೇರಿ ಅರ್ಜಿ ಬರೆಯೋಣ. ಕೆಳಗೆ ಹೆಬ್ಬೆಟ್ಟು ಬೇಡ, ಸಹಿ ಹಾಕೋಣ. ಪಾಲಿಕೆಗೂ ರೈಲ್ವೆಗೂ ಕೊಡೋಣ. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇದೆ.

ಓದಿ ಹೇಳಿರಿ:

1. ಹುಬ್ಬಳ್ಳಿ–ಧಾರವಾಡ ನಡುವಿನ ನಿಲ್ದಾಣಗಳು ಯಾವುವು?
2. ಗೂಡ್ಸ್ ಗಾಡಿ ಪಕ್ಕದ ಹಳಿಯಲ್ಲಿ ಯಾಕೆ ನಿಲ್ಲುತ್ತದೆ?
3. ನಿಮ್ಮ ಓಣಿಯವರು ಹಳಿಯನ್ನು ಎಲ್ಲಿ ದಾಟುತ್ತಾರೆ? ಎರಡು ಸಾಲು ಬರೆಯಿರಿ.